ಗ್ರಾಮಫೋನ್ ಪ್ಲೇಟು ಎಷ್ಟು ನಂಬಿಗಸ್ತ?

ಹಳೆಯ ಪ್ಲೇಟುಗಳ ವಿಷಯ ಬಂದರೆ ನಮ್ಮಲ್ಲಿ ಎರಡೇ ಮಾತು. ಒಂದೋ ‘ಆಹಾ, ಆ ಕಾಲದ ದನಿ’ ಎಂಬ ಭಕ್ತಿ, ಇಲ್ಲವೇ ‘ಬರೀ ಗೊರಗೊರ, ಏನು ಕೇಳ್ತೀರಿ’ ಎಂಬ ತಾತ್ಸಾರ. ಪ್ಲೇಟು ಏನನ್ನು ಉಳಿಸಿತು, ಏನನ್ನು ನುಂಗಿತು ಎಂದು ಕಿವಿಯಿಟ್ಟು ಲೆಕ್ಕ ಹಾಕುವವರು ಕಡಿಮೆ. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕೂತು ಈ ಲೆಕ್ಕ ಮಾಡಲು ಒಂದು ಅನುಕೂಲವಿದೆ. ಆನವಟ್ಟಿ ಹಾದು ಉತ್ತರಕ್ಕೆ ಹೊರಟರೆ ಹಾನಗಲ್ಲು, ಅದರಾಚೆ ಹುಬ್ಬಳ್ಳಿ-ಧಾರವಾಡ. ಗ್ರಾಮಫೋನ್ ಕಂಪನಿಗಳಿಗೆ ಬೇಕಾದ ಕಂಠಗಳು ಸಿಕ್ಕ ಸೀಮೆ ಅದು. ಇತ್ತ ಸೊರಬ, ಸಾಗರದ ಕಡೆ ದೀಪಾವಳಿಯಲ್ಲಿ ಮನೆಮನೆಗೆ ಹಾಡಿಕೊಂಡು ಹೋಗುವ ಅಂಟಿಗೆ-ಪಂಟಿಗೆಯವರು. ಅವರ ಹಾಡಿಗೂ ಆ ಯಂತ್ರಕ್ಕೂ ಹೊಂದುವಂತೆಯೇ ಇರಲಿಲ್ಲ.

ಎಡಿಸನ್ 1877ರಲ್ಲಿ ಉರುಳೆಗೆ ತವರದ ಹಾಳೆ ಸುತ್ತಿ ಮಾತು ಹಿಡಿದ. ಹತ್ತು ವರ್ಷಕ್ಕೆ ಬರ್ಲಿನರ್ ಚಪ್ಪಟೆ ತಟ್ಟೆ ತಂದ. ಒಂದು ಅಚ್ಚಿನಿಂದ ಸಾವಿರಾರು ಪ್ರತಿ ಒತ್ತಬಹುದಾದ್ದರಿಂದ ಮನೆಮನೆಗೆ ಹೊಕ್ಕದ್ದು ತಟ್ಟೆಯೇ. 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಹಿಡಿದ. ತಟ್ಟೆ ಒತ್ತುವುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲಿ ಅಂತ ಆಕೆ ಕೊನೆಯಲ್ಲಿ ತನ್ನ ಹೆಸರು ತಾನೇ ಕೂಗಿ ಹೇಳುತ್ತಿದ್ದರು. ಮುಂದೆ ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು.

ಆಗಿನ ಧ್ವನಿಮುದ್ರಣಕ್ಕೆ ವಿದ್ಯುತ್ತಿಲ್ಲ, ಮೈಕಿಲ್ಲ. ಗಾಯಕರು ದನಿ ಹಿಡಿಯುವ ಕೊಂಬಿನೊಳಗೆ ತಲೆ ತೂರಿಸಿದಷ್ಟು ಹತ್ತಿರ ನಿಂತು ಹಾಡಬೇಕು. ದನಿಯ ಒತ್ತಡಕ್ಕೆ ಪರದೆ ಅದುರಿ, ಅದರ ಮುಳ್ಳು ಮೇಣದ ಮೇಲೆ ಗೆರೆ ಕೊರೆಯಬೇಕು. ಕೊಂಬಿಗೆ ದಕ್ಕುತ್ತಿದ್ದದ್ದು ಶಬ್ದದ ನಡುಪಟ್ಟಿ ಮಾತ್ರ. ತೀರಾ ಕೆಳಗಿನ ಕಂಪನಗಳೂ ಮೇಲಿನವೂ ಹೊರಗುಳಿದವು. ಹಾಗಾಗಿ ತಂಬೂರಿಯ ಜೀವಾಳಿ ಹೋಯಿತು, ಡಗ್ಗಾದ ಗುಮುಕು ಹೋಯಿತು, ಸಕಾರ ಶಕಾರಗಳು ಒಂದಾದವು. ಶಬ್ದಕ್ಕೆ ನಿಷ್ಠೆ ಎಂಬ ಪರೀಕ್ಷೆಯಲ್ಲಿ ಪ್ಲೇಟು ಸೋತಿದೆ, ಅದರಲ್ಲಿ ವಾದವಿಲ್ಲ.

ಆದರೆ ಸ್ವರ ಎಲ್ಲಿಂದ ಎಲ್ಲಿಗೆ ಸರಿಯಿತು ಎನ್ನುವುದು ಆ ನಡುಪಟ್ಟಿಯಲ್ಲೇ ಇದೆ. ಮೀಂಡು, ಗಮಕ, ಒಂದು ಗಾಂಧಾರವನ್ನು ಮುಟ್ಟುವ ಮುಂಚಿನ ಹಿಂಜರಿಕೆ ಎಲ್ಲವೂ ಗೊರಗೊರದ ನಡುವೆಯೇ ಸ್ಪಷ್ಟವಾಗಿ ಕೇಳುತ್ತವೆ. ಹಲವು ವಾದ್ಯಗಳ ಬಣ್ಣವನ್ನೇ ನೆಚ್ಚಿಕೊಂಡ ಪಾಶ್ಚಾತ್ಯ ಆರ್ಕೆಸ್ಟ್ರಾಗೆ ಕೊಂಬು ಮಾಡಿದಷ್ಟು ಅನ್ಯಾಯವನ್ನು ನಮ್ಮ ಸಂಗೀತಕ್ಕೆ ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಬ್ದುಲ್ ಕರೀಂ ಖಾನರ ಪ್ಲೇಟುಗಳೇ ಇದಕ್ಕೆ ಸಾಕ್ಷಿ. ಅವರ ದನಿ ಸಣ್ಣದು, ಎದೆಯಬ್ಬರ ಇಲ್ಲದ್ದು. ಯಂತ್ರಕ್ಕೆ ಕಳೆಯಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಗದಗಿನ ಅಂಗಡಿಯೊಂದರಲ್ಲಿ ಅವರ ಝಿಂಝೋಟಿಯ ಠುಮ್ರಿ ಕೇಳಿಯೇ ಬಾಲಕ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು. ಜೀವಾಳಿ ಇಲ್ಲದ ಪೆಟ್ಟಿಗೆಯಿಂದ ಆ ಹುಡುಗನಿಗೆ ಬೇಕಾದದ್ದು ದಾಟಿತ್ತು.

ನಿಜವಾದ ದ್ರೋಹ ಹೊತ್ತಿನದು. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಬಿಚ್ಚಿಕೊಳ್ಳುವ ಖಯಾಲು ಅಷ್ಟರಲ್ಲಿ ಮುಗಿಯಬೇಕು. ಆಲಾಪದ ತಾಳ್ಮೆಗೆ ಜಾಗವಿಲ್ಲ, ಒಂದೆರಡು ಸುತ್ತಿಗೇ ತಾನಿಗೆ ಹಾರಬೇಕು. ಇದನ್ನು ಕಛೇರಿಯ ನಕಲೆಂದು ಕೇಳಿದರೆ ಮೋಸ. ಬೇರೆಯೇ ಒಂದು ಪ್ರಕಾರವೆಂದು ಕೇಳಿದರೆ ಕೆಲವು ಪ್ಲೇಟುಗಳು ಬೆರಗು ಹುಟ್ಟಿಸುತ್ತವೆ. ಹಲವು ಬರೀ ಅವಸರ.

ಎರಡನೆಯ ದ್ರೋಹ ವೇಗದ್ದು. ಎಲ್ಲವನ್ನೂ ‘78’ ಎಂದು ಕರೆದರೂ ಮೊದಮೊದಲ ಕಂಪನಿಗಳು ಒಂದೇ ವೇಗಕ್ಕೆ ಕಟ್ಟುಬಿದ್ದಿರಲಿಲ್ಲ. ಸುಮಾರು 73.6 ಸುತ್ತಿನಲ್ಲಿ ಹಿಡಿದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸರಿಯಾಗಿ ಅರ್ಧ ಸ್ವರ ಮೇಲೇರುತ್ತದೆ. ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಒಂದರಲ್ಲಿ ಕೇಳುತ್ತಾರೆ, ತಾನು ಇನ್ನಷ್ಟು ಚುರುಕಾಗುತ್ತದೆ. ‘ಆ ಕಾಲದವರ ಕಂಠ ಎಷ್ಟು ಮೇಲಿತ್ತು’ ಎಂದು ನಾವು ತಲೆದೂಗುವುದರಲ್ಲಿ ಸ್ವಲ್ಪ ಪಾಲು ಮೋಟಾರಿನದೂ ಇದ್ದೀತು.

ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳನ್ನು ಮಾತ್ರ ಈ ಗುಮಾನಿಗೆ ಒಪ್ಪಿಸಬೇಡಿ. ಎಚ್.ಎಂ.ವಿ.ಯವರು ಮೂವತ್ತರ ದಶಕದ ಆರಂಭದಲ್ಲಿ ‘ಗಾಂಧಾರಿ’ ಎಂಬ ಹೆಸರಲ್ಲಿ ಹೊರತಂದ ಆ ಹಾಡುಗಳಲ್ಲಿರುವುದು ತೆಳ್ಳನೆಯ ಏರುದನಿ. ಅಷ್ಟರಲ್ಲಿ ಮೈಕು ಬಂದಿತ್ತು. 1925ರಿಂದ ಮುದ್ರಣ ವಿದ್ಯುತ್ತಿಗೆ ಹೊರಳಿತ್ತು, ವೇಗವೂ ಹೆಚ್ಚುಕಡಿಮೆ 78ಕ್ಕೆ ನಿಂತಿತ್ತು. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ಮೇಲೆ ಅವರ ದನಿ ಇಳಿದು, ನಾವೆಲ್ಲ ಬಲ್ಲ ಆ ಗಂಡುದನಿಯ ಗಾಂಭೀರ್ಯ ಬಂತು. ಮೊದಲ ಕಂಠಕ್ಕೆ ಉಳಿದ ಪುರಾವೆ ಪ್ಲೇಟೊಂದೇ. ಸಂಗೀತವಾಗಿ ಅವು ಎಳಸು ಎನ್ನಲು ನನಗೆ ಸಂಕೋಚವಿಲ್ಲ. ದಾಖಲೆಯಾಗಿ ಬೆಲೆ ಕಟ್ಟಲಾಗದವು.

ಯಂತ್ರದ ನಿಷ್ಠೆ ತೋರಿಸಲು ಎಡಿಸನ್ ಕಂಪನಿ 1915ರಿಂದ ಅಮೆರಿಕದ ಊರೂರಲ್ಲಿ ಒಂದು ಪಂದ್ಯ ಹೂಡುತ್ತಿತ್ತು. ವೇದಿಕೆಯಲ್ಲಿ ಗಾಯಕಿ, ಪಕ್ಕದಲ್ಲಿ ಯಂತ್ರ; ದೀಪ ಆರಿಸಿ, ಹಾಡಿದ್ದು ಯಾರೆಂದು ಹೇಳಿ ಎನ್ನುವುದು. ಜನ ಗುರುತಿಸಲಾರದೆ ಚಪ್ಪಾಳೆ ತಟ್ಟುತ್ತಿದ್ದರು. ಯಂತ್ರಕ್ಕೆ ಹೊಂದುವಂತೆ ತನ್ನ ದನಿಯನ್ನೇ ತಗ್ಗಿಸಿಕೊಂಡಿದ್ದಾಗಿ ಆನಾ ಕೇಸ್ ಎಂಬ ಗಾಯಕಿ ಎಷ್ಟೋ ವರ್ಷಗಳ ಮೇಲೆ ಹೇಳಿದರು. ಯಂತ್ರ ಮನುಷ್ಯರಂತೆ ಹಾಡಿತೋ, ಮನುಷ್ಯರು ಯಂತ್ರದಂತೆ ಹಾಡಿದರೋ?

ಅಂಟಿಗೆ-ಪಂಟಿಗೆಯವರಿಗೆ ಹಾಗೆ ತಗ್ಗಿಸಿಕೊಳ್ಳಲು ಬರುವುದಿಲ್ಲ. ರಾತ್ರಿಯಿಡೀ ಹಣತೆ ಹಿಡಿದು ಮನೆಯಿಂದ ಮನೆಗೆ ನಡೆಯುತ್ತಾ, ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವ ಹಾಡು ಅದು. ಅದನ್ನು ಕೊಂಬಿನ ಮುಂದೆ ನಿಲ್ಲಿಸಿ ಮೂರು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಪಲ್ಲವಿ ಮಾತ್ರ. ಡೊಳ್ಳಿನ ಗತಿಯೂ ಅಷ್ಟೇ. ನಮ್ಮ ಹಳೆಯ ಸಂಗೀತ ಎಂದಾಕ್ಷಣ ಪ್ಲೇಟಿನಲ್ಲಿರುವುದನ್ನೇ ನೆನೆಯುವವರು ಇದನ್ನು ಗಮನಿಸಬೇಕು.

ಈಚೆಗೆ ಹಳೆಯ ಪ್ಲೇಟುಗಳನ್ನು ಕಂಪ್ಯೂಟರಿನಲ್ಲಿ ತೊಳೆದು ಕೇಳಿಸುವವರು ಹೆಚ್ಚಿದ್ದಾರೆ. ಗೊರಗೊರ ತೆಗೆಯುವ ಹುಮ್ಮಸ್ಸಿನಲ್ಲಿ ಉಸಿರನ್ನೂ ಆಕಾರದ ಅಂಚನ್ನೂ ತೆಗೆದುಬಿಡುತ್ತಾರೆ. ಅದಕ್ಕಿಂತ ಗೀರು ಬಿದ್ದ ಮೂಲವೇ ಮೇಲು. ನಿಮ್ಮ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಸ್ಪಿರಿಟ್ ಹಾಕಿ ಒರೆಸಬೇಡಿ; ಅವು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆ. ಎಲ್‌ಪಿಯ ಸಣ್ಣ ಮುಳ್ಳು ಅವುಗಳ ಅಗಲ ಗೆರೆಗೆ ಕೂರುವುದಿಲ್ಲ, 78ರ ಮುಳ್ಳೇ ಬೇಕು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ.