ಮರಿ ಬದುಕಿದರೆ ಮದ್ದಿನ ಕೀರ್ತಿ

ಕೋಳಿಮರಿಗಳಿಗೆ ಮೂರು ವಾರ ತುಂಬಿತೆಂದರೆ ಸಾಕುವವರಿಗೆ ಒಂದು ಅಳುಕು ಶುರು. ನಿನ್ನೆಯವರೆಗೆ ಕಾಲಿಗೆ ಕಾಲು ತೊಡರಿಸಿಕೊಂಡು ಓಡುತ್ತಿದ್ದ ಮರಿ ಇವತ್ತು ಮೂಲೆ ಹಿಡಿದು, ಪುಕ್ಕ ಕೆದರಿಕೊಂಡು, ರೆಕ್ಕೆ ಜೋತುಬಿಟ್ಟು ತೂಕಡಿಸುತ್ತದೆ. ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ. ಮನೆಯವರು ಔಷಧಿ ಅಂಗಡಿಗೆ ಓಡಿ ‘ಕೋಳಿ ಭೇದಿಗೆ ಏನಾದರೂ ಕೊಡಿ’ ಎನ್ನುತ್ತಾರೆ. ಅಂಗಡಿಯವರು ಒಂದು ಆ್ಯಂಟಿಬಯೋಟಿಕ್ ಪುಡಿ, ಜೊತೆಗೊಂದು ಬಿ-ಕಾಂಪ್ಲೆಕ್ಸ್ ಟಾನಿಕ್ ಕಟ್ಟಿಕೊಡುತ್ತಾರೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಮರಿಗಳನ್ನು ಐವತ್ತು–ನೂರರ ಲೆಕ್ಕದಲ್ಲಿ ತಂದು ಸಾಕುವ ಎಷ್ಟೋ ಮನೆಗಳಲ್ಲಿ ರಕ್ತಭೇದಿಗೆ ನಡೆಯುವ ಚಿಕಿತ್ಸೆ ಇಷ್ಟೇ. ಇದರಿಂದ ಮರಿಗಳು ಬದುಕಿದವು ಎಂದು ಹೇಳುವವರೂ ಬೇಕಾದಷ್ಟಿದ್ದಾರೆ. ಆ ಮಾತು ಸುಳ್ಳಲ್ಲ, ಮರಿಗಳು ಬದುಕಿದ್ದು ನಿಜ. ಮದ್ದಿನಿಂದ ಬದುಕಿದವೇ ಎಂಬುದು ಬೇರೆ ಪ್ರಶ್ನೆ.

ರಕ್ತಭೇದಿಗೆ ಕಾರಣ ಐಮೀರಿಯಾ ಎಂಬ ಏಕಕೋಶ ಪರಾವಲಂಬಿ. ರೋಗದ ಹೆಸರು ಕಾಕ್ಸಿಡಿಯೋಸಿಸ್. ಕೋಳಿಗೆ ತಗಲುವ ಮುಖ್ಯ ಐಮೀರಿಯಾ ಜಾತಿಗಳು ಏಳು. ಅವುಗಳಲ್ಲಿ ಮರಿಗಳ ಪಾಲಿಗೆ ಯಮನಂತಿರುವುದು ಐಮೀರಿಯಾ ಟೆನೆಲ್ಲಾ. ಕರುಳಿನ ಕೊನೆಯಲ್ಲಿ ಜೋಡಿಯಾಗಿರುವ ಕುರುಡು ಕರುಳುಗಳಲ್ಲಿ ಅದರ ವಾಸ. ಸೋಂಕಿದ ನಾಲ್ಕೈದನೇ ದಿನ ಹಿಕ್ಕೆಯಲ್ಲಿ ರಕ್ತ ಬೀಳುತ್ತದೆ, ಐದಾರನೇ ದಿನ ಸಾವು ಹೆಚ್ಚು. ಅಷ್ಟನ್ನು ದಾಟಿದ ಮರಿ ಎಂಟೊಂಬತ್ತನೇ ದಿನದ ಹೊತ್ತಿಗೆ ತಾನಾಗಿಯೇ ಮೇವಿಗೆ ಬಾಯಿ ಹಾಕತೊಡಗುತ್ತದೆ. ಪರಾವಲಂಬಿ ತನ್ನ ಜೀವನಚಕ್ರ ಮುಗಿಸಿ ಹೊರಬೀಳುವುದರಿಂದ ಹೀಗಾಗುತ್ತದೆ.

ಪುಡಿ ಮದ್ದಿನ ಕೀರ್ತಿಯ ಗುಟ್ಟು ಇಲ್ಲಿದೆ. ರಕ್ತ ಕಂಡ ದಿನ ಮದ್ದು ಶುರುಮಾಡಿದವರಿಗೆ ಮೂರ್ನಾಲ್ಕು ದಿನದಲ್ಲಿ ಗುಣ ಕಾಣುವುದು ಖಚಿತ, ಏಕೆಂದರೆ ಸಾಯುವವು ಅಷ್ಟರಲ್ಲಿ ಸತ್ತಿರುತ್ತವೆ, ಉಳಿಯುವವು ಚೇತರಿಸಿಕೊಳ್ಳುತ್ತಿರುತ್ತವೆ. ಆ ಹೊತ್ತಿಗೆ ಎನ್ರೋಫ್ಲಾಕ್ಸಸಿನ್ ಕುಡಿಸಿದ್ದರೆ ಅದಕ್ಕೆ ಕೀರ್ತಿ, ಬೆಳ್ಳುಳ್ಳಿ ಜಜ್ಜಿ ಹಾಕಿದ್ದರೆ ಬೆಳ್ಳುಳ್ಳಿಗೆ ಕೀರ್ತಿ, ಅರಿಶಿನದ ನೀರು ಇಟ್ಟಿದ್ದರೆ ಅರಿಶಿನಕ್ಕೆ. ಎನ್ರೋಫ್ಲಾಕ್ಸಸಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮದ್ದು. ಐಮೀರಿಯಾ ಬ್ಯಾಕ್ಟೀರಿಯಾವೇ ಅಲ್ಲ. ಅಂಗಳದ ಅನುಭವವನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ತಾನಾಗಿ ಇಳಿಯುವ ರೋಗದಲ್ಲಿ ಅನುಭವಕ್ಕಿಂತ ದೊಡ್ಡ ಮೋಸಗಾರ ಇನ್ನೊಬ್ಬನಿಲ್ಲ.

ಹೀಗೆ ಬೇಡದ ಕಡೆ ಸುರಿದ ಆ್ಯಂಟಿಬಯೋಟಿಕ್ ಕೋಳಿಯಲ್ಲೇ ನಿಲ್ಲುವುದಿಲ್ಲ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಮನುಷ್ಯರತ್ತ ಬರುತ್ತವೆ. ಮನುಷ್ಯರಿಗೆ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಅನ್ನು ಕೋಳಿಯೂ ಸೇರಿದಂತೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧ ಹೇರಿದ್ದು ಈ ಭಯದಿಂದಲೇ.

ಮದ್ದಿಗಿಂತ ಮೊದಲ ತಪ್ಪು ಗುರುತಿಸುವುದರಲ್ಲಿದೆ. ಎಲ್ಲ ಭೇದಿಯೂ ಒಂದೇ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಮೊದಲ ಎರಡು ವಾರದ ಮರಿಗಳಲ್ಲಿ ಹಿಂಭಾಗಕ್ಕೆ ಬಿಳಿ ಹಿಕ್ಕೆ ಮೆತ್ತಿಕೊಂಡಿದ್ದರೆ ಅನುಮಾನ ಹೋಗಬೇಕಾದ್ದು ಸಾಲ್ಮೊನೆಲ್ಲಾದ ಬಿಳಿ ಭೇದಿಯ ಕಡೆಗೆ. ಮೂರರಿಂದ ಆರು ವಾರದೊಳಗೆ ಬಿಳಿ ನೀರಿನಂಥ ಭೇದಿ, ನಡುಕ, ಸಾಲು ಸಾವು ಕಂಡರೆ ಗಂಬೊರೊ ಇರಬಹುದು. ಹಸಿರು ಭೇದಿಯ ಜೊತೆ ಏದುಸಿರು, ಕತ್ತು ತಿರುಚುವುದು ಕಂಡರೆ ಅದು ಕೊಕ್ಕರೆ ರೋಗವಾಗಿರಬಹುದು. ಈ ಕೊನೆಯ ಎರಡಕ್ಕೂ ಲಸಿಕೆಯೇ ದಾರಿ, ಬಂದ ಮೇಲೆ ಮದ್ದಿಲ್ಲ. ಇನ್ನು ಏನೂ ರೋಗವಿಲ್ಲದ ಮರಿಯೂ ಎಂಟು–ಹತ್ತು ಸಲಕ್ಕೊಮ್ಮೆ ಕಡುಕಂದು ಬಣ್ಣದ, ಅಂಟಂಟಾದ, ನಾರುವ ಹಿಕ್ಕೆ ಹಾಕುತ್ತದೆ. ಅದು ಕುರುಡು ಕರುಳಿನಿಂದ ಬರುವ ಸಹಜ ಹಿಕ್ಕೆ. ಅದನ್ನು ಕಂಡು ಗಾಬರಿಯಾಗಿ ಮದ್ದು ಕುಡಿಸಿದವರೂ ಇದ್ದಾರೆ.

ಗುರುತಿಸುವುದಕ್ಕೆ ಖರ್ಚಿಲ್ಲದ ಒಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ: ಸತ್ತ ಮರಿಯನ್ನು ತಿಪ್ಪೆಗೆ ಎಸೆಯುವ ಮೊದಲು ಕೊಯ್ದು ಕರುಳು ನೋಡುವುದು. ಟೆನೆಲ್ಲಾ ತಗಲಿದ್ದರೆ ಎರಡೂ ಕುರುಡು ಕರುಳು ಊದಿಕೊಂಡು ಹೊರಗಿನಿಂದಲೇ ಕಪ್ಪುಗೆಂಪಾಗಿ ಕಾಣುತ್ತವೆ. ಸೀಳಿದರೆ ಒಳಗೆ ಹೆಪ್ಪುಗಟ್ಟಿದ ರಕ್ತ. ಒಂದೆರಡು ದಿನ ಹಳೆಯದಾದರೆ ಗಿಣ್ಣಿನಂಥ ಗಟ್ಟಿ ತಿರುಳು. ಮೇಲಿನ ಕರುಳಿನಲ್ಲಿ ಅಡ್ಡಡ್ಡ ಬಿಳಿ ಗೆರೆಗಳಿದ್ದರೆ ಅದು ಅಸರ್ವುಲಿನಾ ಜಾತಿಯ ಕೆಲಸ, ಅಲ್ಲಿ ಹಿಕ್ಕೆಯಲ್ಲಿ ರಕ್ತವೇ ಕಾಣದೆ ಮರಿ ಸೊರಗುತ್ತದೆ. ನಡುಗರುಳು ಬಲೂನಿನಂತೆ ಉಬ್ಬಿ ಮೇಲೆ ಬಿಳಿ–ಕೆಂಪು ಚುಕ್ಕೆಗಳಿದ್ದರೆ ನೆಕಾಟ್ರಿಕ್ಸ್. ಕೈಗವಸು ಹಾಕಿಕೊಂಡು ಪಶುವೈದ್ಯರ ಎದುರು ಒಮ್ಮೆ ನೋಡಿ ಕಲಿತರೆ ಸಾಕು. ಆದರೆ ದೊಡ್ಡ ಕೋಳಿಗಳೂ ಸೇರಿ ಒಮ್ಮೆಲೇ ಸಾಯತೊಡಗಿದರೆ ಚಾಕು ಹಿಡಿಯಬಾರದು. ಹಕ್ಕಿ ಜ್ವರದ ಸಾಧ್ಯತೆ ಇರುತ್ತದೆ, ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು.

ಸರಿಯಾಗಿ ಗುರುತಿಸಿದವರಿಗೆ ಆಂಪ್ರೋಲಿಯಂ ಎಂಬ ಹಳೆಯ, ನಂಬಿಕೆಯ ಮದ್ದು ಇದೆ. ಐಮೀರಿಯಾಕ್ಕೆ ಬೇಕಾದ ಥಯಮಿನ್, ಅಂದರೆ ಬಿ1 ವಿಟಮಿನ್ ಸಿಗದಂತೆ ಮಾಡಿ ಅದು ಕೆಲಸ ಮಾಡುತ್ತದೆ. ಜೋರಾಗಿ ರೋಗ ಬಂದಾಗ ಶೇ 20ರ ಪುಡಿಯನ್ನು ಲೀಟರ್ ನೀರಿಗೆ ಸುಮಾರು 1.2 ಗ್ರಾಂ ಲೆಕ್ಕದಲ್ಲಿ ಮೂರರಿಂದ ಐದು ದಿನ, ಆಮೇಲೆ ಅದರ ಕಾಲುಭಾಗದಂತೆ ಒಂದೆರಡು ವಾರ ಕೊಡುವುದು ರೂಢಿ. ಪೊಟ್ಟಣದ ಮೇಲಿನ ಪ್ರಮಾಣ ನೋಡಿಕೊಂಡು, ವೈದ್ಯರನ್ನು ಕೇಳಿಯೇ ಕೊಡಬೇಕು. ಮೇವು ಬಿಟ್ಟ ಮರಿಯೂ ನೀರು ಕುಡಿಯುತ್ತದೆ, ಅದಕ್ಕೇ ಮದ್ದು ನೀರಿನಲ್ಲಿ. ಆ ದಿನಗಳಲ್ಲಿ ಬೇರೆ ನೀರಿನ ಪಾತ್ರೆ ಇಡಬಾರದು.

ಈಗ ಅಂಗಡಿಯ ಬಿ-ಕಾಂಪ್ಲೆಕ್ಸ್ ಟಾನಿಕ್ ನೆನಪಿಸಿಕೊಳ್ಳಿ. ಅದರಲ್ಲಿರುವುದು ಅದೇ ಬಿ1. ಆಂಪ್ರೋಲಿಯಂ ಜೊತೆ ಅದನ್ನೂ ಕುಡಿಸಿದರೆ, ಮದ್ದು ಪರಾವಲಂಬಿಯಿಂದ ಕಿತ್ತುಕೊಳ್ಳುವುದನ್ನೇ ನಾವು ತಟ್ಟೆಗೆ ಹಾಕಿ ಬಡಿಸಿದಂತೆ. ಒಳ್ಳೆಯ ಮನಸ್ಸಿನಿಂದ ನಡೆಯುವ ಈ ಕೆಲಸ ಇಡೀ ಪದ್ಧತಿಯ ಅತಿ ದುಬಾರಿ ತಪ್ಪು. ಟಾನಿಕ್ ಕೊಡಲೇಬೇಕೆಂದರೆ ಚಿಕಿತ್ಸೆ ಮುಗಿದ ಮೇಲೆ ಕೊಡಬಹುದು. ರಕ್ತ ಹೋದ ಮರಿಗೆ ಎ ಮತ್ತು ಕೆ ವಿಟಮಿನ್ ನೆರವಾಗುತ್ತವೆ. ಸಲ್ಫಾ ಮದ್ದುಗಳೂ ಐಮೀರಿಯಾಕ್ಕೆ ನಾಟುತ್ತವೆ, ಆದರೆ ಪ್ರಮಾಣ ಮೀರಿದರೆ ಅವೇ ರಕ್ತಸ್ರಾವ ತರುತ್ತವೆ, ಮೊಟ್ಟೆಯಲ್ಲೂ ಉಳಿಯುತ್ತವೆ. ಅಂದಾಜಿನ ಚಮಚದಲ್ಲಿ ಅಳೆಯುವವರು ಅವುಗಳಿಂದ ದೂರವಿರುವುದು ಲೇಸು.

ಇಷ್ಟಾದರೂ ಮದ್ದು ಅರ್ಧ ಚಿಕಿತ್ಸೆ ಮಾತ್ರ, ಉಳಿದರ್ಧ ನೆಲದಲ್ಲಿದೆ. ಹಿಕ್ಕೆಯೊಂದಿಗೆ ಬಿದ್ದ ಐಮೀರಿಯಾ ತತ್ತಿಗಳಿಗೆ ತೇವ, ಬಿಸುಪು, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಮಳೆಗಾಲದಲ್ಲಿ ಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನಲ್ಲಿ ಮೂರೂ ಧಾರಾಳ. ಫಿನಾಯಿಲ್‌ನಂಥ ಸಾಮಾನ್ಯ ಸೋಂಕುನಾಶಕಗಳಿಗೆ ಈ ತತ್ತಿ ಜಗ್ಗುವುದಿಲ್ಲ; ಒಣಗಿಸುವುದು, ಬಿಸಿ, ಅಮೋನಿಯಾ ಇವಕ್ಕೆ ಸೋಲುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿಯೇ ನಿಂತರೆ ಅಪಾಯ. ಆ ಹೊಟ್ಟು ತೆಗೆಯಬೇಕು, ನೀರಿನ ಪಾತ್ರೆಯ ಸುತ್ತ ದಿನವೂ ಕೆದಕಿ ಒಣಗಿಸಬೇಕು, ಪಾತ್ರೆಯನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಬೇಕು. ಇದನ್ನು ಮಾಡದೆ ಎಷ್ಟು ಒಳ್ಳೆಯ ಮದ್ದು ಕುಡಿಸಿದರೂ ಮರಿ ಅದೇ ನೆಲದಿಂದ ಮತ್ತೆ ರೋಗವನ್ನು ಹೆಕ್ಕಿ ತಿನ್ನುತ್ತದೆ.

ನಾಟಿ ಹೇಟೆಯ ಬೆನ್ನಹಿಂದೆ ಬಯಲಲ್ಲಿ ಅಲೆಯುವ ಮರಿಗಳಿಗೆ ಈ ರೋಗ ಅಷ್ಟಾಗಿ ಕಾಡದಿರುವುದಕ್ಕೂ ಕಾರಣ ನೆಲವೇ. ಅಲ್ಲಿ ತತ್ತಿಗಳು ಚದುರಿಹೋಗಿರುತ್ತವೆ. ಮರಿ ಅಷ್ಟಿಷ್ಟು ನುಂಗಿ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತದೆ. ಅಮೆರಿಕದಲ್ಲಿ 1952ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕಾಕ್ಸಿಡಿಯೋಸಿಸ್ ಲಸಿಕೆಯ ತತ್ವವೂ ಇದೇ: ಜೀವಂತ ತತ್ತಿಗಳನ್ನು ಅಳೆದು ನುಂಗಿಸುವುದು. ದೊಡ್ಡ ಪ್ಯಾಕ್‌ಗಳಲ್ಲಿ ಬರುವ ಆ ಲಸಿಕೆ ಐವತ್ತು ಮರಿ ಸಾಕುವವರ ಕೈಗೆ ಎಟುಕುವುದು ಕಷ್ಟ. ಕಂಪನಿ ಫಾರಂಗಳು ಮೇವಿನಲ್ಲೇ ಕಾಕ್ಸಿಡಿಯಾ ತಡೆಯುವ ಮದ್ದು ಬೆರೆಸಿ ಬಚಾವಾಗುತ್ತವೆ. ಬಯಲೂ ಇಲ್ಲದ, ಕಂಪನಿಯ ಮೇವೂ ಇಲ್ಲದ ನಡುವಿನ ಸಾಕಣೆದಾರರೇ ಪೆಟ್ಟು ತಿನ್ನುವವರು. ಪಶು ಆಸ್ಪತ್ರೆ ದೂರ, ಮರಿ ಇವತ್ತೇ ಸಾಯುತ್ತಿದೆ, ಅಂಗಡಿ ಹತ್ತಿರ. ಅವರು ಪುಡಿಗೆ ಕೈಚಾಚುವುದನ್ನು ಮೂರ್ಖತನ ಎನ್ನಲಾಗದು. ಮರಿ ಹಂಚುವ ಯೋಜನೆಗಳು ಮರಿಯ ಜೊತೆ ಈ ತಿಳಿವಳಿಕೆಯನ್ನೂ ಹಂಚಬೇಕಿತ್ತು.

ಒಟ್ಟಿನಲ್ಲಿ ನಮ್ಮ ಪದ್ಧತಿಯ ದೋಷ ಮದ್ದು ಕೊಡುವುದರಲ್ಲಿಲ್ಲ, ಕ್ರಮ ತಲೆಕೆಳಗಾಗಿರುವುದರಲ್ಲಿದೆ. ಮೊದಲು ಮದ್ದು, ಆಮೇಲೆ ಅನುಮಾನ, ನೆಲದ ಕಡೆ ಗಮನವೇ ಇಲ್ಲ. ಇದನ್ನು ತಿರುಗಿಸಿ ಹಾಕಬೇಕು. ಹೊಟ್ಟು ಒಣಗಿರಲಿ, ಸತ್ತ ಮೊದಲ ಮರಿಯ ಕರುಳು ನೋಡಿ, ಕಾಕ್ಸಿಡಿಯೋಸಿಸ್ ಎಂದು ಖಚಿತವಾದರೆ ಆಂಪ್ರೋಲಿಯಂ ಕೊಡಿ, ಆ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಬಾಟಲಿ ಅಟ್ಟದ ಮೇಲಿರಲಿ. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಎಂಬುದನ್ನು ಪಶುವೈದ್ಯರೇ ಹೇಳಲಿ.