ತಂತಿಗೆ ತೊಡಿಸಿದ ಕಾಣದ ಅಂಗಿ

ಹೊಸ ತಂತಿ ಹಾಕಿದ ದಿನ ಗಿಟಾರು ಗಂಟೆಯಂತೆ ನುಡಿಯುತ್ತದೆ. ಕರಾವಳಿಯ ನಮ್ಮ ಮನೆಯಲ್ಲಿ ಆ ನಾದ ಮೂರೇ ವಾರದಲ್ಲಿ ಮಂಕಾಗುತ್ತಿತ್ತು. ದಪ್ಪ ತಂತಿಗಳಲ್ಲಿ ಉಕ್ಕಿನ ಎಳೆಯ ಮೇಲೆ ಕಂಚಿನ ಸಣ್ಣ ಸರಿಗೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಆ ಸುತ್ತುಗಳ ಸಂದಿಗೆ ಬೆವರು, ಜಿಡ್ಡು, ಚರ್ಮದ ಹೊಟ್ಟು ಸೇರಿದರೆ ಮುಗಿಯಿತು, ತಂತಿಯ ಕಂಠ ಕಟ್ಟುತ್ತದೆ.

ಇದಕ್ಕೆ ಮದ್ದು ಬಂದದ್ದು ವಾದ್ಯ ಮಾಡುವವರಿಂದಲ್ಲ, ಮಳೆ ತಡೆಯುವ ಗೋರ್‌ಟೆಕ್ಸ್ ಬಟ್ಟೆಯ ಅಮೆರಿಕದ ಗೋರ್ ಕಂಪನಿಯಿಂದ. ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ಪಿಟಿಎಫ್‌ಇಯ ಬಿಸಿ ಕಡ್ಡಿಯನ್ನು 1969ರಲ್ಲಿ ಆ ಕಂಪನಿಯ ಬಾಬ್ ಗೋರ್ ಥಟ್ಟನೆ ಜಗ್ಗಿದಾಗ, ಅದು ಸೂಕ್ಷ್ಮ ರಂಧ್ರಗಳ ಹಗುರ ವಸ್ತುವಾಗಿ ಹಿಗ್ಗಿತು. ಆ ಜ್ಞಾನದಿಂದಲೇ ಮುಂದೆ ತೆಳು ಪೊರೆ ಹೊದಿಸಿದ ಎಲಿಕ್ಸರ್ ಗಿಟಾರು ತಂತಿಗಳು ಹುಟ್ಟಿದವು. ನನಗೆ ಬೆರಗು ಹುಟ್ಟಿಸುವುದು ಆ ಪೊರೆ ಹೊದಿಸಿದ ಜಾಣ್ಮೆ. ಅದು ಸುತ್ತಿನಿಂದ ಸುತ್ತಿಗೆ ಸೇತುವೆಯಂತೆ ಹಾಸಿಕೊಂಡು, ಸಂದಿಗೆ ಕೊಳೆ ಇಳಿಯದಂತೆ ಕಾಯುತ್ತದೆ. ಬೆರಳು ಜಾರಿಸಿದಾಗಿನ ಕಿರ್ರೆನ್ನುವ ಸದ್ದೂ ತಗ್ಗುತ್ತದೆ.

ಸವೆಯುವುದಿಲ್ಲವೆಂದಲ್ಲ. ಮೀಟುವ ಪಿಕ್ ತಾಗುವ ಜಾಗದಲ್ಲಿ ಮೊದಲು ಪೊರೆ ಎದ್ದು, ಎಳೆ ಹತ್ತಿಯಂಥ ಬಿಳಿ ನವಿರು ಕಾಣಿಸಿಕೊಳ್ಳುತ್ತದೆ. ತಂತಿಯ ಕೆಳಮೈಯಲ್ಲಿ, ಫ್ರೆಟ್ ಎಂಬ ಅಡ್ಡಪಟ್ಟಿಗೆ ಒತ್ತುವ ಕಡೆ ಚಪ್ಪಟೆ ಗುರುತುಗಳು ಮೂಡುತ್ತವೆ. ಉಗುರು ಆಡಿಸಿದರೆ ಅವು ಒಂದೊಂದೂ ಸಿಗುತ್ತವೆ. ಹೆಚ್ಚು ನುಡಿಸಿದ ಸ್ವರ ಯಾವುದೆಂದು ಅಲ್ಲೇ ಬರೆದಿರುತ್ತದೆ. ಆಗಲೂ ನಾದ ಒಮ್ಮೆಲೇ ಸಾಯುವುದಿಲ್ಲ, ನಿಧಾನಕ್ಕೆ ಮಾಗುತ್ತದೆ. ಮೊದಲ ದಿನದ ಚುರುಕು ಬರಿ ಕಂಚಿಗೇ ಹೆಚ್ಚು, ಒಪ್ಪುತ್ತೇನೆ. ಆದರೆ ನಾನು ಯುಗಾದಿಗೆ ಹಾಕಿದ ಪೊರೆಯ ತಂತಿ ಮಳೆಗಾಲ ಮುಗಿದರೂ ಹಾಡುತ್ತಿದೆ.