ಮುದಿ ತೊಗಲಿನ ಮೊದಲ ಹಚ್ಚೆ

ಟ್ಯಾಟೂ ಹಾಕಿಸಿಕೊಳ್ಳುತ್ತೇನೆಂದು ಹೊರಟ ಹುಡುಗ ಹುಡುಗಿಯರಿಗೆ ಮನೆಯವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ವಯಸ್ಸಾದ ಮೇಲೆ ಇದು ಹೇಗೆ ಕಾಣುತ್ತೆ, ಯೋಚಿಸಿದ್ದೀಯಾ?’ ಚರ್ಮ ಸುಕ್ಕಾಗುತ್ತದೆ, ಗುಲಾಬಿ ಎಲೆಕೋಸಾಗುತ್ತದೆ, ಬಿಟ್ಟುಹೋದವರ ಹೆಸರು ಮಾತ್ರ ತೋಳಿನ ಮೇಲೆ ಕೂತಿರುತ್ತದೆ. ಪ್ರಶ್ನೆಯಲ್ಲಿ ಕಾಳಜಿ ಇಲ್ಲವೆನ್ನುವಂತಿಲ್ಲ. ಆದರೆ ಅದನ್ನೇ ಅರವತ್ತೈದರಲ್ಲಿ ಮೊದಲ ಬಾರಿ ಸೂಜಿಗೆ ತೋಳೊಡ್ಡಲು ಹೊರಟವರ ಮುಂದೆ ಇಟ್ಟು ನೋಡಿ. ಅಲ್ಲೇ ಕುಸಿಯುತ್ತದೆ. ವಯಸ್ಸು ಆಗಿಯೇ ಬಿಟ್ಟಿದೆಯಲ್ಲ! ಆಗ ಮನೆಯವರು ಬೇರೆ ಪ್ರಶ್ನೆ ಹುಡುಕಬೇಕು: ‘ಈಗ ಯಾಕೆ?’

ಈ ಎರಡನೆಯ ಪ್ರಶ್ನೆಗೆ ಸಾಹಿತ್ಯವೂ ಅಷ್ಟಾಗಿ ತಯಾರಾಗಿಲ್ಲ. ಇಂಗ್ಲಿಷಿನಲ್ಲಿ ಹಚ್ಚೆಯ ಬಗ್ಗೆ ಒಳ್ಳೆಯ ಕಥೆ, ಕವಿತೆಗಳು ಬೇಕಾದಷ್ಟಿವೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಮೊದಲ ಪ್ರಶ್ನೆಗೇ ಜೋತುಬಿದ್ದಿವೆ. ಹಚ್ಚೆ ಹರೆಯದ ಕೆಲಸ, ಮುಪ್ಪು ಅದರ ದಂಡ ಎಂಬ ಲೆಕ್ಕ ಅವುಗಳ ಬೆನ್ನೆಲುಬು.

ಅಮೆರಿಕದ ಕವಿ ಟೆಡ್ ಕೂಸರ್‌ನ ‘ಟ್ಯಾಟೂ’ ಎಂಬ ಪುಟ್ಟ ಕವಿತೆ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದ 2004ರ ‘ಡಿಲೈಟ್ಸ್ ಆ್ಯಂಡ್ ಶ್ಯಾಡೋಸ್’ ಸಂಕಲನದಲ್ಲಿ ಅದಿದೆ. ಹಳೆ ಸಾಮಾನು ಮಾರಾಟಕ್ಕಿಟ್ಟ ಒಂದು ಅಂಗಳ, ಅಲ್ಲೊಬ್ಬ ಮುದುಕ. ಒಂದು ಕಾಲದಲ್ಲಿ ಅವನ ತೋಳಿನ ಹಚ್ಚೆ ಎದುರಿನವರನ್ನು ಹೆದರಿಸುವಂತಿತ್ತು, ಈಗ ಏಟು ಬಿದ್ದ ಗಾಯದ ಕಲೆಯಂತೆ ನೀಲಿಗಟ್ಟಿದೆ. ಮುರಿದ ಸಲಕರಣೆಗಳನ್ನು ಎತ್ತಿ ನೋಡುತ್ತಾನೆ, ಮತ್ತೆ ಇಡುತ್ತಾನೆ. ಕೂಸರ್‌ಗೆ ಈ ಮನುಷ್ಯನ ಬಗ್ಗೆ ಅಕ್ಕರೆಯಿದೆ. ಕವಿತೆ ನನಗೂ ಇಷ್ಟ. ಆದರೆ ಅಲ್ಲಿ ಮಾತಾಡುವವನು ನೋಡುಗ. ಹಚ್ಚೆಯ ಒಡೆಯ ಬಾಯಿ ಬಿಡುವುದಿಲ್ಲ. ಮುದಿ ದೇಹವನ್ನು ಹೊರಗೆ ನಿಂತು ಓದುವ, ಓದಿ ಮರುಗುವ ಹಕ್ಕು ತನ್ನದೆಂದು ಕವಿತೆ ಸುಮ್ಮನೆ ಒಪ್ಪಿಕೊಂಡುಬಿಟ್ಟಿದೆ.

ರೋಲ್ಡ್ ಡಾಲ್‌ನ ‘ಸ್ಕಿನ್’ (1952) ಕಥೆಯಲ್ಲಿ ಈ ಹಕ್ಕು ನೇರ ವ್ಯಾಪಾರಕ್ಕೇ ಇಳಿಯುತ್ತದೆ. ಹಚ್ಚೆ ಹಾಕುವುದನ್ನೇ ಕಸುಬಾಗಿಸಿಕೊಂಡಿದ್ದ ಡ್ರಿಯೋಲಿ 1913ರ ಒಂದು ಕುಡಿತದ ರಾತ್ರಿ, ಗೆಳೆಯ ಸೂಟಿನ್‌ಗೆ ಸೂಜಿ ಹಿಡಿಯುವುದನ್ನು ಕಲಿಸಿ ತನ್ನ ಬೆನ್ನ ಮೇಲೆ ಹೆಂಡತಿಯ ಚಿತ್ರ ಬರೆಸಿಕೊಂಡಿರುತ್ತಾನೆ. 1946ರ ಪ್ಯಾರಿಸ್‌ನಲ್ಲಿ ಅವನು ಹಸಿದ ಮುದುಕ; ಸತ್ತ ಸೂಟಿನ್ ಮಾತ್ರ ಭಾರಿ ಬೆಲೆಯ ಕಲಾವಿದ. ಗ್ಯಾಲರಿಯಲ್ಲಿ ಅಂಗಿ ಬಿಚ್ಚಿ ತೋರಿಸಿದ ಆ ಬೆನ್ನು ಕಥೆಯ ಕೊನೆಗೆ ಚೌಕಟ್ಟು ಹಾಕಿಸಿಕೊಂಡು, ವಾರ್ನಿಷ್ ಬಳಿಸಿಕೊಂಡು ಬ್ಯೂನಸ್ ಐರಿಸ್‌ನಲ್ಲಿ ಮಾರಾಟಕ್ಕೆ ಬರುತ್ತದೆ. ಓದಿ ಬೆಚ್ಚುತ್ತೇವೆ. ಡಾಲ್‌ನ ಬಹುತೇಕ ಕಥೆಗಳಂತೆ ಇದೂ ಒಮ್ಮೆ ಬೆಚ್ಚಿದ ಮೇಲೆ ಮುಗಿಯಿತು. ಎರಡನೆಯ ಓದಿಗೆ ಕೊಡುವುದು ಕಡಿಮೆ.

ಎಷ್ಟು ಬಾರಿ ಓದಿದರೂ ಮುಗಿಯದ ಹಚ್ಚೆಯ ಕಥೆಯೆಂದರೆ ಫ್ಲ್ಯಾನರಿ ಓಕಾನರ್‌ಳ ‘ಪಾರ್ಕರ್ಸ್ ಬ್ಯಾಕ್’. ಲೂಪಸ್ ಕಾಯಿಲೆಯಿಂದ 1964ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ ತೀರಿಕೊಂಡ ಆಕೆ ಕೊನೆಯ ತಿಂಗಳುಗಳಲ್ಲಿ ತಿದ್ದಿದ ಕಥೆ ಇದು. ಅಚ್ಚಾದದ್ದು ಸತ್ತ ಮೇಲೆ, 1965ರಲ್ಲಿ. ಪಾರ್ಕರ್ ಹದಿನಾಲ್ಕರಲ್ಲಿ ಜಾತ್ರೆಯೊಂದರಲ್ಲಿ ಮೈತುಂಬ ಹಚ್ಚೆಯ ಮನುಷ್ಯನನ್ನು ನೋಡಿ ಮರುಳಾದವನು. ಅಂದಿನಿಂದ ಮನಸ್ಸು ತಳಮಳಗೊಂಡಾಗಲೆಲ್ಲ ಇನ್ನೊಂದು ಚಿತ್ರ ಹಾಕಿಸಿಕೊಳ್ಳುತ್ತಾನೆ. ಮೈಮುಂಭಾಗವೆಲ್ಲ ತುಂಬಿದರೂ ಆ ಜಾತ್ರೆಯವನ ಮೈಯಲ್ಲಿ ಕಂಡ ಸಾಮರಸ್ಯ ಬರುವುದಿಲ್ಲ. ಬೆನ್ನು ಮಾತ್ರ ಖಾಲಿ. ಕಾರಣವನ್ನು ಓಕಾನರ್ ಒಂದೇ ಏಟಿಗೆ ಹೇಳುತ್ತಾಳೆ: ತನಗೆ ಕಾಣದ ಜಾಗದಲ್ಲಿ ಹಚ್ಚೆ ಹಾಕಿಸಿಕೊಂಡು ಅವನಿಗೇನು ಪ್ರಯೋಜನ?

ಟ್ರ್ಯಾಕ್ಟರ್ ಮರಕ್ಕೆ ಗುದ್ದಿ ಬೆಂಕಿ ಹತ್ತಿಕೊಂಡ ದಿನ ಅವನು ನೆಟ್ಟಗೆ ಪಟ್ಟಣಕ್ಕೋಡಿ, ಬೆನ್ನ ಮೇಲೆ ಬೈಜಾಂಟೈನ್ ಶೈಲಿಯ ಕ್ರಿಸ್ತನ ಮುಖ ಬರೆಸಿಕೊಳ್ಳುತ್ತಾನೆ. ತೋರಿಸಿದರೆ, ವಿಗ್ರಹಾರಾಧನೆಯೆಂದು ಹೆಂಡತಿ ಸಾರಾ ರೂತ್ ಕೆರಳಿ, ಕ್ರಿಸ್ತನ ಮುಖದ ಮೇಲೆ ಬಾಸುಂಡೆ ಏಳುವಂತೆ ಪೊರಕೆಯಲ್ಲಿ ಬಾರಿಸುತ್ತಾಳೆ. ಕಥೆಯನ್ನು ದೈವಕೃಪೆಯ ಚೌಕಟ್ಟಿನಲ್ಲಿ ಓದುವುದು ರೂಢಿ. ಲೇಖಕಿ ನಿಷ್ಠಾವಂತ ಕ್ಯಾಥೊಲಿಕ್ ಆಗಿದ್ದರಿಂದ ಆ ಓದು ತಪ್ಪೂ ಅಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಪಾರ್ಕರ್‌ಗೆ ಇನ್ನೂ ಇಪ್ಪತ್ತೆಂಟು. ಆದರೂ ಎಣಿಕೆಯಲ್ಲಿ ಕೊನೆಯದಾದ ಈ ಹಚ್ಚೆ ಒಂದರ್ಥದಲ್ಲಿ ಅವನ ಮೊದಲನೆಯದು. ಹಿಂದಿನವೆಲ್ಲ ನೋಡಿಕೊಳ್ಳಲು, ಮೆರೆಯಲು. ಇದನ್ನು ನೋಡಬೇಕಾದರೆ ಎರಡು ಕನ್ನಡಿ ಬೇಕು. ‘ಹೇಗೆ ಕಾಣುತ್ತೆ’ ಎಂಬುದರಿಂದ ಬಿಡಿಸಿಕೊಂಡ ಹಚ್ಚೆಯನ್ನು ಓಕಾನರ್ ಸಾಯುತ್ತ ಕಂಡುಕೊಂಡಳು. ಮುಪ್ಪು ಕಾಣದೆ ಹೋದವಳಿಗೆ ಅದು ದಕ್ಕಿತು.

ಈಗ ನಮ್ಮ ಕಡೆಗೆ ಬರೋಣ. ಹರೆಯದ ಆಸೆಯ ಈ ಕಥೆಗಳು ನಮಗೆ ಪೂರ್ತಿ ಒಗ್ಗುವುದಿಲ್ಲ. ಯಾಕೆಂದರೆ ನಮ್ಮ ಹಳ್ಳಿಗಳ ಹಚ್ಚೆ ಹರೆಯದವರ ಆಸೆಯಿಂದ ಹುಟ್ಟಿದ್ದಲ್ಲ. ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆಯೇ ಹಾಕಿಸುತ್ತಿದ್ದರು. ಊರೂರು ಸುತ್ತುತ್ತ ಹಚ್ಚೆ ಚುಚ್ಚುತ್ತಿದ್ದ ಕೊರವ ಹೆಂಗಸರ ವಿಷಯ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲೂ ಬರುತ್ತದೆ. ಚೇಳು, ತುಳಸಿಕಟ್ಟೆ, ಹಣೆಯ ಮೇಲೊಂದು ಬೊಟ್ಟು: ಯಾವುದು ಬೇಕೆಂದು ಮಗುವನ್ನು ಕೇಳಿದವರು ಕಡಿಮೆ. ಪದದಲ್ಲೇ ಹಸಿರಿದೆ, ‘ಪಚ್ಚೆ’ಯೇ ನಮ್ಮಲ್ಲಿ ‘ಹಚ್ಚೆ’ಯಾಯಿತು. ಸತ್ತಾಗ ಮೈಮೇಲಿನ ಚಿನ್ನ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವ ಒಡವೆ ಎನ್ನುವ ನಂಬಿಕೆ ನಮ್ಮ ಅಜ್ಜಿಯರಲ್ಲಿ ಗಟ್ಟಿಯಾಗಿತ್ತು.

ಇದಕ್ಕೆ ಹತ್ತಿರದ ಪಾತ್ರ ‘ಮೊಬಿ ಡಿಕ್’ನ (1851) ಕ್ವೀಕ್ವೆಗ್. ಅವನ ಮೈಮೇಲಿನ ಹಚ್ಚೆ ಅವನ ದ್ವೀಪದ ಕಾಲಜ್ಞಾನಿಯೊಬ್ಬ ಬರೆದದ್ದು. ಭೂಮಿ ಆಕಾಶಗಳ ಸಂಪೂರ್ಣ ಸಿದ್ಧಾಂತ ಅಲ್ಲಿದೆ, ಹೊತ್ತವನಿಗೇ ಅದು ಓದಲು ಬಾರದು. ಜ್ವರ ಬಂದು ಸಾಯುವ ಸ್ಥಿತಿ ತಲುಪಿದಾಗ ಶವಪೆಟ್ಟಿಗೆ ಮಾಡಿಸಿಕೊಳ್ಳುತ್ತಾನೆ, ಆಮೇಲೆ ಸಾಯದೆ ಎದ್ದು ಕೂರುತ್ತಾನೆ. ಬಿಡುವಿನಲ್ಲಿ ತನ್ನ ಮೈಮೇಲಿನ ಗೆರೆಗಳನ್ನು ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಕೆತ್ತತೊಡಗುತ್ತಾನೆ. ನಮ್ಮ ಅಜ್ಜಿಯ ಮುಂಗೈಯೂ ಇಂಥದೇ ಗ್ರಂಥ: ಬೇರೆಯವರು ಬರೆದದ್ದು, ಆಕೆ ಹೊತ್ತದ್ದು.

ಅಜ್ಜಿಯ ನಂತರ ಏನಾಯಿತು ಎನ್ನುವಲ್ಲಿ ಒಂದು ಕಥೆ ಕಾದು ಕೂತಿದೆ. ಓದಿದ ಮನೆಗಳಲ್ಲಿ, ಪೇಟೆ ಸೇರಿದ ಮನೆಗಳಲ್ಲಿ, ಅವಳ ಮಗಳ ಕೈಗೆ ಹಚ್ಚೆ ಬೀಳಲಿಲ್ಲ. ಅದು ಹಳ್ಳಿಗುರುತು, ಅನಕ್ಷರಸ್ಥರ ಗುರುತು, ಕೆಲವೊಮ್ಮೆ ಜಾತಿಯ ಗುರುತು. ಶಾಲೆಗೆ ಹೋಗುವ ಹುಡುಗಿಗೆ ಬೇಡವೆಂದು ಅಜ್ಜಿಯೇ ತಡೆದಿರಬಹುದು. ಇನ್ನು ಮೊಮ್ಮಗಳು ಬೆಂಗಳೂರಿನ ಮಾಲ್ ಒಂದರಲ್ಲಿ ಟ್ಯಾಟೂ ಹಾಕಿಸಿಕೊಂಡು ಫೋಟೊ ಕಳಿಸುತ್ತಾಳೆ. ಮೇಲಿನ ತಲೆಮಾರಿಗೆ ಹಚ್ಚೆಯಿದೆ, ಕೆಳಗಿನದಕ್ಕೆ ಟ್ಯಾಟೂ ಇದೆ, ನಡುವಿನವಳ ತೋಳು ಬರಿದು. ಅವಳಿಗೀಗ ಅರವತ್ತರ ಮೇಲೆ. ಇವಳು ಒಂದು ದಿನ ಅಂಗಡಿಯ ಕುರ್ಚಿಯಲ್ಲಿ ಕೂತು ಅಮ್ಮನ ಕೈಯಲ್ಲಿದ್ದ ಚೇಳನ್ನೇ ಹಾಕೆಂದರೆ ಅದು ಸಂಪ್ರದಾಯವೋ ಫ್ಯಾಷನ್ನೋ? ಎರಡೂ ಅಲ್ಲವೆಂದೇ ನನಗೆ ತೋರುತ್ತದೆ. ಅಮ್ಮನಿಗೆ ಯಾರೂ ಕೇಳದ ಪ್ರಶ್ನೆಗೆ ಮಗಳು ತಡವಾಗಿ ಕೊಟ್ಟ ಉತ್ತರ ಅದು. ಇಂಥ ಹೆಂಗಸು ಕನ್ನಡದ ಕಥೆಯಲ್ಲಿ ನನಗಿನ್ನೂ ಸಿಕ್ಕಿಲ್ಲ. ನಾನು ಓದಿದ ಕಡೆಗಳಲ್ಲೆಲ್ಲ ಹಚ್ಚೆ ಪಾತ್ರವೊಂದರ ಹಳ್ಳಿತನ ಸೂಚಿಸಿ ಮರೆಯಾಗುವ ವಿವರ, ಅಷ್ಟೆ.

ಕಥೆ ಬರೆಯುವವರು ಅವಳ ಸುತ್ತಲಿನವರನ್ನೂ ಮರೆಯಬಾರದು. ಹದಿನಾರರ ಹುಡುಗಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅರವತ್ತಾರರ ಹೆಂಗಸಿಗೆ ಮಕ್ಕಳ ಒಪ್ಪಿಗೆ ಬೇಕು. ಶುಗರ್ ಎಷ್ಟಿದೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀಯಲ್ಲ, ಡಾಕ್ಟರನ್ನು ಕೇಳಿದೆಯಾ? ಇವು ಸುಳ್ಳು ಭಯಗಳಲ್ಲ. ವಯಸ್ಸಾದಂತೆ ಚರ್ಮದ ಒಳಪದರ ತೆಳುವಾಗುತ್ತದೆ, ಸೂಜಿ ತುಸು ಆಳಕ್ಕಿಳಿದರೂ ಶಾಯಿ ಹರಡುತ್ತದೆ, ಗಾಯ ಮಾಗಲು ಹೆಚ್ಚು ದಿನ ಬೇಕು. ಆದರೆ ಈ ಪ್ರಶ್ನೆಗಳಲ್ಲಿ ಔಷಧದ ವಾಸನೆಯ ಜೊತೆಗೆ ಒಡೆತನದ ವಾಸನೆಯೂ ಇರುತ್ತದೆ. ಅವಳ ಮೈ ಈಗ ರಿಪೋರ್ಟುಗಳ ಫೈಲು. ಅದರಲ್ಲಿ ಬರೆಯುವ ಅಧಿಕಾರ ಅವಳೊಬ್ಬಳಿಗೆ ಮಾತ್ರ ಇಲ್ಲ.

ಈ ಅಧಿಕಾರವನ್ನು ಕಿತ್ತುಕೊಂಡ ಅತ್ಯಂತ ಪ್ರಸಿದ್ಧ ಮುದುಕಿಯೆಂದರೆ ಬ್ರಿಟಿಷ್ ನಟಿ ಜೂಡಿ ಡೆಂಚ್. ತನ್ನ 81ನೆಯ ಹುಟ್ಟುಹಬ್ಬಕ್ಕೆ, ಮಗಳ ಉಡುಗೊರೆಯಾಗಿ, ಆಕೆ ಮೊದಲ ಟ್ಯಾಟೂ ಹಾಕಿಸಿಕೊಂಡರು. ಮಣಿಕಟ್ಟಿನ ಮೇಲೆ ಎರಡು ಲ್ಯಾಟಿನ್ ಪದ: ಕಾರ್ಪೆ ಡಿಯೆಮ್. ಕಾಫಿ ಲೋಟ, ಟೀ ಶರ್ಟ್, ಕಾಲೇಜು ಬೀಳ್ಕೊಡುಗೆ ಭಾಷಣಗಳಲ್ಲಿ ತಿರುಗಿ ತಿರುಗಿ ಸವೆದುಹೋದ ಪದಗಳು. ಇಪ್ಪತ್ತರ ಮಣಿಕಟ್ಟಿನ ಮೇಲಿದ್ದರೆ ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಎಂಬತ್ತೊಂದರ ಮಣಿಕಟ್ಟು ಅವುಗಳ ಮೂಲಕ್ಕೆ ಮತ್ತೆ ಹೋಗುವಂತೆ ಮಾಡುತ್ತದೆ.

ಮೂಲ ಹೋರೇಸನ ಮೊದಲ ಪ್ರಗಾಥ ಸಂಪುಟದ ಹನ್ನೊಂದನೆಯ ಕವಿತೆ, ಕ್ರಿ.ಪೂ. 23ರ ಸುಮಾರಿನದು. ಅಲ್ಲೊಬ್ಬ ಗಂಡಸು ಲ್ಯೂಕೊನೋಯಿ ಎಂಬ ಹೆಣ್ಣಿಗೆ ಬುದ್ಧಿ ಹೇಳುತ್ತಿದ್ದಾನೆ: ನಿನಗೆ ನನಗೆ ಇನ್ನೆಷ್ಟು ಆಯುಸ್ಸೆಂದು ಬ್ಯಾಬಿಲೋನಿನ ಜೋಯಿಸರ ಲೆಕ್ಕ ಕೇಳುತ್ತ ಕೂರಬೇಡ. ಆ ಪ್ರಸಿದ್ಧ ಕ್ರಿಯಾಪದಕ್ಕೆ ಇಂಗ್ಲಿಷಿನವರು ‘ವಶಪಡಿಸಿಕೋ’ ಎಂಬ ದಂಡಯಾತ್ರೆಯ ಅರ್ಥ ಹಚ್ಚಿದ್ದಾರೆ; ಲ್ಯಾಟಿನ್ನಿನಲ್ಲಿ ಅದು ಹಣ್ಣು ಹೂವು ಕೊಯ್ಯುವ ಪದ. ಕವಿತೆಯ ಉಳಿದ ಭಾಷೆಯೂ ದ್ರಾಕ್ಷಿತೋಟದವನದು, ಸವರುವುದು, ಸೋಸುವುದು. ಕೊಯ್ಯುವುದಕ್ಕೆ ಹಣ್ಣಾಗಿರಬೇಕು, ಅದು ಆತುರದವರ ಕೆಲಸವಲ್ಲ. ಮುಖ್ಯವಾಗಿ, ಹೋರೇಸನಲ್ಲಿ ಲ್ಯೂಕೊನೋಯಿಗೆ ಮಾತಿಲ್ಲ, ಕೂಸರ್‌ನ ಮುದುಕನಿಗೆ ಇಲ್ಲದಂತೆಯೇ. ಎರಡು ಸಾವಿರ ವರ್ಷ ಗಂಡಸರು ಹೆಂಗಸರ ಮುಂದೆ ಒಪ್ಪಿಸಿದ ಉಪದೇಶವನ್ನು ಒಬ್ಬ ಮುದುಕಿ ತಾನೇ ತನಗೆ ಹೇಳಿಕೊಂಡಾಗ ಪದ ಅದೇ ಇದ್ದರೂ ಕವಿತೆ ಬೇರೆಯಾಗುತ್ತದೆ.

ಇನ್ನೊಂದು ವಿವರವಿದೆ. ವಯಸ್ಸಿನಿಂದ ಅಕ್ಷಿಪಟಲ ಸವೆಯುವ ಕಾಯಿಲೆ ತನಗಿದೆಯೆಂದು ಡೆಂಚ್ 2012ರಲ್ಲೇ ಬಹಿರಂಗವಾಗಿ ಹೇಳಿದ್ದರು. ನಾಟಕ, ಸಿನಿಮಾಗಳ ಮಾತುಗಳನ್ನು ಬೇರೆಯವರು ಓದಿಹೇಳಿದರೆ ಕೇಳಿ ಕಲಿಯುವ ನಟಿ, ಅಕ್ಷರಗಳನ್ನು ಚರ್ಮಕ್ಕೆ ಇಳಿಸಿಕೊಂಡಿದ್ದಾರೆ. ಪಾರ್ಕರ್‌ನ ಬೆನ್ನು ಮತ್ತೆ ನೆನಪಾಗುತ್ತದೆ.

ಹಾಗಾದರೆ ಕಾಣುವುದಕ್ಕಲ್ಲದ ಹಚ್ಚೆ ಯಾವುದಕ್ಕೆ? ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಮಾರ್ಕ್ ಡೋಟಿಯದು. ‘ಟು ದ ಎನ್‌ಗ್ರೇವರ್ ಆಫ್ ಮೈ ಸ್ಕಿನ್’ 2001ರ ‘ಸೋರ್ಸ್’ ಸಂಕಲನದ ಕವಿತೆ. ಡೋಟಿ ಹುಟ್ಟಿದ್ದು 1953ರಲ್ಲಿ. ಸಂಗಾತಿಯನ್ನು 1994ರಲ್ಲಿ ಏಡ್ಸ್‌ಗೆ ಕಳೆದುಕೊಂಡು, ಆ ಸಾವಿನ ಬಗ್ಗೆ ಪುಸ್ತಕವನ್ನೇ ಬರೆದವನು. ಹರೆಯವಂತೂ ಅಲ್ಲ, ಸಾವಿನ ಪರಿಚಯ ಸಾಕಷ್ಟು ಆಗಿದೆ. ಕವಿತೆಯಲ್ಲಿ ಅವನು ಹಚ್ಚೆ ಹಾಕುವವನನ್ನು ಉದ್ದೇಶಿಸಿ, ಕರಾರುಪತ್ರ ಮತ್ತು ಮದುವೆಯ ಪ್ರತಿಜ್ಞೆ ಎರಡನ್ನೂ ಬೆರೆಸಿದ ಭಾಷೆಯಲ್ಲಿ ಮಾತಾಡುತ್ತಾನೆ. ಚುಚ್ಚಿಸಿಕೊಳ್ಳುವುದೆಂದರೆ ಚುಕ್ಕಿಗೆರೆಯ ಮೇಲೆ ಸಹಿ ಹಾಕುವುದು. ಯಾವುದಕ್ಕೆ ಸಹಿ? ಉಳಿಯುವುದಕ್ಕೆ, ಜೊತೆಗೇ ಮಾಸುವುದಕ್ಕೆ. ಕವಿತೆಯ ‘ನೀನು’ ಸೂಜಿ ಹಿಡಿದವನೋ, ಪ್ರಿಯನೋ, ಕಾಲವೋ ಎಂಬುದನ್ನು ಡೋಟಿ ಬಿಡಿಸುವುದಿಲ್ಲ, ಬಿಡಿಸದಿರುವುದೇ ಸರಿ. ಕೂಸರ್‌ನಲ್ಲಿ ಮಾಸುವಿಕೆ ಹಚ್ಚೆಗೆ ಬಂದ ಸೋಲು. ಡೋಟಿಯಲ್ಲಿ ಅದು ಕರಾರಿನ ಮೊದಲ ಷರತ್ತು.

ಚರ್ಮದೊಳಗೂ ನಡೆಯುವುದು ಹೀಗೆಯೇ. ಶಾಯಿಯ ಕಣಗಳನ್ನು ಹಿಡಿದಿಡುವುದು ದೇಹದ ಕಾವಲು ಕೋಶಗಳು. ಒಂದು ಕೋಶ ಸತ್ತಾಗ ಅದರ ಶಾಯಿ ಹೊರಬೀಳುತ್ತದೆ, ಹೊಸದಾಗಿ ಬಂದದ್ದು ಅದನ್ನು ನುಂಗಿ ಹಿಡಿದುಕೊಳ್ಳುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಕದಲದೆ ನಿಂತಂತೆ ಕಾಣುವ ಗೆರೆ ಒಳಗೆ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ.

ಡೋಟಿಯ ಕವಿತೆಯ ನಡುವೆ, ಹೋಗುತ್ತ ಹೋಗುತ್ತ ಹೇಳಿದಂಥ ಒಂದು ಮಾತಿದೆ. ಹಚ್ಚೆಯಲ್ಲಿ ನೋಯುವುದು ಮೊದಲ ರೇಖಾಚಿತ್ರವಲ್ಲವಂತೆ, ಅದರೊಳಗನ್ನು ಒತ್ತೊತ್ತಾಗಿ ತುಂಬುವಾಗಂತೆ. ಕವಿತೆ ಇದನ್ನು ವಿವರಿಸಲು ನಿಲ್ಲುವುದಿಲ್ಲ. ಹೊರಗೆರೆ ಬೇಗ ಮುಗಿಯುತ್ತದೆ. ಆಮೇಲೆ ಸೂಜಿ ಚುಚ್ಚಿದಲ್ಲಿಗೇ ಮತ್ತೆ ಮತ್ತೆ ಬರುತ್ತದೆ. ಹೊರಗೆರೆ ಎಂದೋ ಮುಗಿದಿರುವ ವಯಸ್ಸಿನಲ್ಲಿ ಆ ಕುರ್ಚಿಯಲ್ಲಿ ಕೂತವರು ತೋಳು ಹಿಂದಕ್ಕೆಳೆದುಕೊಳ್ಳದೆ ಕೂತಿರುತ್ತಾರೆ.